ಕದ್ರಿಯಿಂದ ಬಂದರಿಗೆ ನಡೆದೇ ಹೋಗುವ

ಬೆಳಿಗ್ಗೆ ಆರೂವರೆ. ಕದ್ರಿ ಮಂಜುನಾಥನ ಅಂಗಳದ ಕಲ್ಲು ಇನ್ನೂ ತಣ್ಣಗುಂಟು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದೀರಿ. ದೇವರಿಗೆ ಕೈಮುಗಿದು ತೀರ್ಥ ತೆಗೆದುಕೊಂಡ ಮೇಲೆ ಎಲ್ಲರಂತೆ ಸರಸರನೆ ಒಂದು ಸುತ್ತು ಹಾಕಿ ಹೊರಬೀಳಬೇಡಿ. ಲೋಕೇಶ್ವರನ ಎದುರು ಸ್ವಲ್ಪ ನಿಲ್ಲಿ. ಕಣ್ಣು ಒಳಗಿನ ಮಂದ ಬೆಳಕಿಗೆ ಒಗ್ಗಲಿ. ಪದ್ಮಾಸನದಲ್ಲಿ ಕುಳಿತ ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ ಇದನ್ನು ಪ್ರತಿಷ್ಠೆ ಮಾಡಿಸಿದ್ದು ಕ್ರಿ.ಶ. 968ರಲ್ಲಿ ಎಂದು ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷ ದಾಟಿದ ಕಂಚು. ಬೆರಳ ತುದಿಯಿಂದ ಕಿರೀಟದವರೆಗೆ ಎಲ್ಲೂ ಕೆಲಸ ಸಡಿಲವಾಗಿಲ್ಲ. ಇವನು ಬೌದ್ಧರ ಅವಲೋಕಿತೇಶ್ವರನೋ, ನಾಥಪಂಥದ ಮತ್ಸ್ಯೇಂದ್ರನೋ, ಶಿವನೋ ಎಂಬ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಬೆಳಗಿನ ದೀಪ ಹಚ್ಚುವವರಿಗೆ ಆ ವಾದ ಬೇಕಾಗಿಯೂ ಇಲ್ಲ.

ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದಿಂದ ನೀರು ಬೀಳುವ ಸದ್ದು, ಕೆರೆಗಳ ಸಾಲು, ಇನ್ನೂ ಮೇಲೆ ಜೋಗಿ ಮಠ. ಪ್ರತಿ ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಾಥ ಜೋಗಿಗಳ ಝುಂಡಿ ಕಾಲ್ನಡಿಗೆಯಲ್ಲೇ ಬಂದು ಇಲ್ಲಿ ಹೊಸ ಅರಸನನ್ನು ಪಟ್ಟಕ್ಕೆ ಕೂರಿಸುತ್ತದೆ. ನಾಲ್ಕು ಶತಮಾನದ ಹಿಂದೆ ಈ ಜೋಗಿ ಅರಸನನ್ನು ನೋಡಲೆಂದೇ ಗುಡ್ಡ ಹತ್ತಿ ಬಂದ ಇಟಲಿಯವನೊಬ್ಬನಿದ್ದ. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ, ಊರು ರೋಮ್. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿ, ಆಮೇಲೆ ಘಟ್ಟ ಇಳಿದು ಈ ಕಡೆ ಬಂದ. ಮೆಣಸು ಕೊಳ್ಳಲಿಕ್ಕಲ್ಲ, ಮತ ಸಾರಲಿಕ್ಕಲ್ಲ, ಬರೇ ನೋಡಲಿಕ್ಕೆ. ಮಣೇಲ್‌ನ ಬೀದಿಯಲ್ಲಿ ಉಳ್ಳಾಲದ ರಾಣಿ ಅವನಿಗೆ ಎದುರಾದಳು. ಬರಿಗಾಲಲ್ಲಿ ನಡೆದು ಹೊಲದ ನೀರಿನ ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದಳಂತೆ. ರೋಮಿನ ಸಿರಿವಂತನಿಗೆ ಮೊದಲು ಅಡುಗೆಯವಳಂತೆ ಕಂಡಳು. ಬಾಯಿ ತೆರೆದ ಮೇಲೆ ರಾಣಿಯ ಗತ್ತು ಕಂಡಿತು. ಅದನ್ನೂ ಅವನು ಪತ್ರದಲ್ಲಿ ಬರೆದಿಟ್ಟ. ಮಂಗಳೂರಿನ ಸುತ್ತ ಅಲೆದ ಪ್ರವಾಸಿಗಳಲ್ಲಿ ಇಷ್ಟು ಚೊಕ್ಕವಾಗಿ ಬರೆದವರು ಕಡಿಮೆ. ಇವತ್ತಿನ ನಿಮ್ಮ ನಡಿಗೆಗೆ ಇವನ ಜಾತಿಯ ಕುತೂಹಲ ಸಾಕು, ಟಿಕೇಟು ಬೇಡ.

ಇಳಿಯಿರಿ. ಮಲ್ಲಿಕಟ್ಟೆ, ಬಂಟ್ಸ್ ಹಾಸ್ಟೆಲ್, ಜ್ಯೋತಿ. ಈ ದಾರಿಯಲ್ಲಿ ನೋಡುವುದು ಹೆಚ್ಚಿಲ್ಲ, ಜೀವ ಉಳಿಸಿಕೊಳ್ಳುವುದೇ ಕೆಲಸ. ಪಕ್ಕದಲ್ಲೇ ಸಿಟಿ ಬಸ್ಸು ಉಜ್ಜಿಕೊಂಡು ಹೋಗುತ್ತದೆ. ಬಾಗಿಲಲ್ಲಿ ಒಂದು ಕಾಲಿಟ್ಟು ನೇತಾಡುವ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿ, ಸೀಟಿ ಊದಿ, ನಿಮ್ಮ ಮುಖ ನೋಡುತ್ತಾನೆ. ತಲೆ ಅಲ್ಲಾಡಿಸಿ. ಹತ್ತಿದರೆ ಹತ್ತು ನಿಮಿಷದಲ್ಲಿ ನಡಿಗೆ ಮುಗಿದೇ ಹೋಗುತ್ತದೆ ಮಾರಾಯ್ರೆ.

ಜ್ಯೋತಿಯ ಹತ್ತಿರ ಬಲ್ಮಠದ ಏರು. ಮೇಲೆ ಹೋದರೆ ಮರದ ನೆರಳು, ಹಂಚಿನ ಮಾಡಿನ ಹಳೆಯ ಕಟ್ಟಡಗಳು, 1862ರ ಶಾಂತಿ ಕೆಥೆಡ್ರಲ್. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ನೆಲೆಯೂರಿದ ಗುಡ್ಡ ಇದು. ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ತೆಗೆದ ಹರ್ಮನ್ ಮೊಗ್ಲಿಂಗ್ ಈ ಮಿಷನ್ನಿನವರೇ. 1843ರ ಜುಲೈ 1. ಕನ್ನಡದ ಮೊದಲ ಪತ್ರಿಕೆ. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು ಅದಕ್ಕೇ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಿದ್ದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ. ಅದೇ ಪ್ರೆಸ್ಸು ಅದಕ್ಕೂ ಮೊದಲು, 1880ರ ದಶಕದಲ್ಲಿ, ಆಂಜೆಲೊ ಮಾಫೆಯಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಬರೆದ ಕೊಂಕಣಿ ವ್ಯಾಕರಣವನ್ನೂ ಇಂಗ್ಲಿಷ್–ಕೊಂಕಣಿ ನಿಘಂಟನ್ನೂ ಅಚ್ಚು ಹಾಕಿತು. ಯುರೋಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪ್ರೊಟೆಸ್ಟೆಂಟರೂ ಕ್ಯಾಥೊಲಿಕರೂ ಈ ಗುಡ್ಡದಲ್ಲಿ ಅಚ್ಚುಮೊಳೆ ಲೆಕ್ಕ ಹಾಕುತ್ತ ಮಾತಾಡಿಕೊಂಡಿರಬೇಕು. ನನಗಂತೂ ಮಂಗಳೂರಿನ ಬಗ್ಗೆ ಬಹಳ ಇಷ್ಟದ ಸಂಗತಿ ಇದು.

ಜ್ಯೋತಿಗೆ ಮರಳಿ, ರಸ್ತೆ ದಾಟಿ, ಲೈಟ್‌ಹೌಸ್ ಹಿಲ್ ರಸ್ತೆ ಹಿಡಿಯಿರಿ. ಸ್ಥಳೀಯರಿಗೆ ಇದು ಬಾವುಟಗುಡ್ಡೆ. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಮಂಗಳೂರಿಗೆ ನುಗ್ಗಿ, ಇಲ್ಲಿದ್ದ ಕಂಪನಿಯ ಬಾವುಟ ಇಳಿಸಿ ತನ್ನದನ್ನು ಏರಿಸಿತು. ಹದಿಮೂರು ದಿನದ ಆಳ್ವಿಕೆ. ಆಮೇಲೆ ಪಟಾಲಂ ಬಂತು, ಗಲ್ಲುಗಳಾದವು. ದಂಗೆಯ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಇಲ್ಲಿ ಎದ್ದದ್ದು 2022ರಲ್ಲಿ. ಹತ್ತಿರದ ಟ್ಯಾಗೋರ್ ಪಾರ್ಕಿನಲ್ಲಿ ಹಳೆಯ ದೀಪಸ್ತಂಭ ಉಂಟು. ಪಾರ್ಕಿನ ಬೆಂಚಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳಿ. ಪಶ್ಚಿಮಕ್ಕೆ ಮರ ಮತ್ತು ಕಟ್ಟಡಗಳ ಸಂದಿಯಲ್ಲಿ ಕಡಲಿನ ಒಂದು ಗೆರೆ ಸಿಕ್ಕಿದರೆ ನಿಮ್ಮ ಅದೃಷ್ಟ.

ಈಗ ಸಂತ ಅಲೋಶಿಯಸ್ ಕಾಲೇಜಿನ ಆವರಣ. ಗೇಟಿನಲ್ಲಿ ಹೇಳಿ ಒಳಗೆ ಬನ್ನಿ. ಚಾಪೆಲ್ ನೋಡಲಿಕ್ಕೆ ಎಂದರೆ ದಾರಿ ತೋರಿಸುತ್ತಾರೆ. ಹೊರಗಿನಿಂದ ನೋಡಿದರೆ ಇದರಲ್ಲಿ ಎಂತ ಉಂಟು ಎಂದು ಅನಿಸುತ್ತದೆ. ಸಾಧಾರಣ ಎತ್ತರದ ಕಟ್ಟಡ, ಮೇಲೆ ಮಂಗಳೂರು ಹಂಚು. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟ ಮೇಲೆ ಕತ್ತು ತಾನಾಗಿ ಹಿಂದೆ ಬಾಗುತ್ತದೆ. ಮಾಡಿನಿಂದ ಗೋಡೆಯ ತಳದವರೆಗೆ ಕೈ ಅಗಲದಷ್ಟು ಜಾಗವನ್ನೂ ಬಿಡದೆ ಚಿತ್ರ: ಸಂತರು, ದೇವದೂತರು, ಹೂಮಾಲೆಗಳು. ಕಟೆದ ಕಲ್ಲೆಂದು ನೀವು ನಂಬಿದ ಪಟ್ಟಿ, ಅಂಚುಗಳಲ್ಲಿ ಬಹಳಷ್ಟು ಕಲ್ಲೇ ಅಲ್ಲ. ಗೋಡೆಯ ಹತ್ತಿರ ಹೋಗಿ ಓರೆಯಾಗಿ ನೋಡಿ (ಮುಟ್ಟಬೇಡಿ): ಗೋಡೆ ಚಪ್ಪಟೆ. ಉಬ್ಬು, ತಗ್ಗು, ನೆರಳು ಎಲ್ಲ ಕುಂಚದ್ದು.

ಕುಂಚ ಹಿಡಿದವರು ಆಂಟೊನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ಪಕ್ಕದ ಸ್ತೆಜಾನೊ ಎಂಬ ಊರಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಕಲಿತವರು. ಮೂವತ್ತು ದಾಟಿದ ಮೇಲೆ ಜೆಸ್ವಿಟ್ ಸಂಘ ಸೇರಿ ಬ್ರದರ್ ಆದರು. ಇಟಲಿಯ ಜೆಸ್ವಿಟರು ಮಂಗಳೂರಿಗೆ ಕಾಲಿಟ್ಟದ್ದು 1878ರ ಡಿಸೆಂಬರ್ 31ರಂದು. ಒಂದು ವರ್ಷ ಕಳೆದು 1880ರ ಜನವರಿಯಲ್ಲಿ ಕಾಲೇಜು ಸುರು ಮಾಡಿದರು. ಚಾಪೆಲ್ ಎದ್ದದ್ದು 1880ರ ದಶಕದ ನಡುವೆ. ಬರೀ ಗೋಡೆಗಳಿಗೆ ಬಣ್ಣ ಕಾಣಿಸಲಿಕ್ಕೆ ಮೊಸ್ಕೆನಿ ಬಂದದ್ದು ಶತಮಾನದ ಕೊನೆಗೆ. 1901ರ ಹೊತ್ತಿಗೆ, ಎರಡು ವರ್ಷಕ್ಕೆ ತುಸು ಹೆಚ್ಚಿನ ಸಮಯದಲ್ಲಿ, ಎಂಟುನೂರು ಚದರ ಮೀಟರಿಗೂ ಮೀರಿದ ಚಿತ್ರ ಮುಗಿಸಿದರು.

ಗೋಡೆಯ ಮೇಲಿನದು ಫ್ರೆಸ್ಕೊ, ಮಾಡಿನಲ್ಲಿರುವುದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆ ಆರುವ ಮೊದಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಮ್ಮೆ ತಪ್ಪಿದರೆ ಉಜ್ಜಿ ತಿದ್ದಲಾಗದು, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಇವತ್ತು ಎಷ್ಟು ಬರೆಯಬಲ್ಲೆನೋ ಅಷ್ಟೇ ಗಾರೆ ಇವತ್ತಿಗೆ. ಈಗ ಇದನ್ನು ನಮ್ಮ ಊರಿನ ಹವೆಗೆ ಹಾಕಿ ಯೋಚಿಸಿ. ಜೂನ್‌ನಿಂದ ಒಗೆದ ಬಟ್ಟೆ ವಾರ ಕಳೆದರೂ ಒಣಗದ ಊರು. ಗೋಡೆಗಳಲ್ಲಿ ಉಪ್ಪುಗಾಳಿಯ ಪಸೆ. ಇಟಲಿಯ ಒಣಹವೆಯಲ್ಲಿ ಕಲಿತ ಕೈ ಮಂಗಳೂರಿನ ಗಾರೆಯ ಹದ ಕಲಿಯಲು ಎಷ್ಟು ಒದ್ದಾಡಿರಬೇಕು! ನೂರು ವರ್ಷಕ್ಕೆ ಆ ಪಸೆ ಚಿತ್ರಕ್ಕೂ ತಟ್ಟಿತು. 1990ರ ದಶಕದಲ್ಲಿ ಪರಂಪರೆ ಕಾಪಾಡುವ ಇಂಟಾಕ್ ಸಂಸ್ಥೆಯ ತಜ್ಞರು ಬಂದು ಜೀರ್ಣೋದ್ಧಾರ ಮಾಡಿದರು.

ನಡುಮಾಡಿನ ಸಾಲಿನಲ್ಲಿ ಇರುವುದು ಅಲೋಶಿಯಸ್ ಗೊಂಜಾಗನ ಬದುಕು. ಉತ್ತರ ಇಟಲಿಯ ಜಹಗೀರಿನ ಹಿರಿಯ ಮಗ, ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದವನು. ಪ್ಲೇಗ್ ಬಡಿದ ರೋಮಿನಲ್ಲಿ ರೋಗಿಗಳನ್ನು ಹೊತ್ತು ಆರೈಕೆ ಮಾಡುತ್ತ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ, ಪ್ರಾಯ ಇಪ್ಪತ್ತಮೂರು. ಆ ಪ್ಲೇಗಿನ ಚಿತ್ರವನ್ನು ಹುಡುಕಿ ನೋಡಿ. ಇನ್ನೊಂದು ಮಾತು ನೆನಪಿರಲಿ: ಮೊಸ್ಕೆನಿ ಇದನ್ನು ಬರೆಯುವ ಕಾಲಕ್ಕೆ ಮುಂಬಯಿ, ಬೆಂಗಳೂರುಗಳಲ್ಲಿ ಪ್ಲೇಗ್ ಹಬ್ಬಿತ್ತು. ಕೆಳಗೆ ಬೆಂಚಿನಲ್ಲಿ ಕುಳಿತ ಹುಡುಗರಿಗೆ ಅದು ಮುನ್ನೂರು ವರ್ಷದ ಹಿಂದಿನ ಕತೆಯಾಗಿ ಕಂಡಿರಲಾರದು.

ಇದನ್ನು ರೋಮಿನ ಸಿಸ್ಟೀನ್ ಚಾಪೆಲ್ಲಿಗೆ ಹೋಲಿಸುವುದು ವಾಡಿಕೆ. ನನಗೆ ಒಪ್ಪಿಗೆ ಇಲ್ಲ. ಮೈಕೆಲೆಂಜೆಲೊ ಬರೆದದ್ದು ಪೋಪರಿಗೆ. ಮೊಸ್ಕೆನಿ ಬರೆದದ್ದು ಪರೀಕ್ಷೆಯ ಹೆದರಿಕೆ ಹೊತ್ತು ಬಂದ ಶಾಲೆ, ಕಾಲೇಜಿನ ಮಕ್ಕಳಿಗೆ. ಹಿಂದಿನ ಗೋಡೆಗೆ ತಿರುಗಿ ನೋಡಿ, ಮಕ್ಕಳನ್ನು ಹತ್ತಿರ ಕರೆದುಕೊಂಡ ಏಸು ಇದ್ದಾನೆ. ಇದು ಯಾರಿಗೆ ಬರೆದದ್ದು ಎಂದು ಆ ಒಂದು ಗೋಡೆ ಸಾಕು ಹೇಳಲಿಕ್ಕೆ. ಮೊಸ್ಕೆನಿ ಇಟಲಿಗೆ ಮರಳಲಿಲ್ಲ. ಮುಂಬಯಿಯಲ್ಲಿ ಬರೆದರು, ಕೊಚ್ಚಿಯ ಸಾಂತಾಕ್ರೂಸ್ ಇಗರ್ಜಿಯಲ್ಲಿ ಬರೆದರು, 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡರು.

ಇಳಿಜಾರಿನಲ್ಲಿ ಹಂಪನಕಟ್ಟೆಗೆ ಬರುವಾಗ ಹೊಟ್ಟೆ ತಾಳ ಹಾಕುತ್ತದೆ. ಯಾವ ಹಳೆಯ ಹೋಟೆಲಿಗೆ ಬೇಕಾದರೂ ಹೊಕ್ಕು ಬನ್ಸ್ ಕೇಳಿ. ಕಳಿತ ಬಾಳೆಹಣ್ಣು ಹಾಕಿ ನಾದಿದ ಮೈದಾ, ಜೀರಿಗೆ, ಸ್ವಲ್ಪ ಸಕ್ಕರೆ. ಕಾದ ಎಣ್ಣೆಯಲ್ಲಿ ಉಬ್ಬಿ ಕಂದು ಬಣ್ಣಕ್ಕೆ ತಿರುಗಿರಬೇಕು. ಮುರಿದರೆ ಒಳಗೆ ಬಲೆಬಲೆಯಾಗಿರಬೇಕು, ಆವಿ ಬರಬೇಕು. ತಣ್ಣಗಿನದು ಕೊಟ್ಟರೆ ‘ಬಿಸಿ ಯಾವಾಗ ಬರ್ತದೆ?’ ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಎದುರಿಗೆ ಕೆಂಪು ಕಟ್ಟಡ, ಈಗ ವಿಶ್ವವಿದ್ಯಾನಿಲಯ ಕಾಲೇಜು. 1868ರಲ್ಲಿ ಸರಕಾರಿ ಕಾಲೇಜಾಗಿ ಆರಂಭವಾದದ್ದು. ಗಾಂಧೀಜಿಯ ಅಸಹಕಾರದ ಕರೆಗೆ ಶಿವರಾಮ ಕಾರಂತರು ಓದು ಬಿಟ್ಟು ನಡೆದದ್ದು ಇಲ್ಲಿಂದ. ಪಕ್ಕದಲ್ಲಿ ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಮೊದಲು ಕಟ್ಟಿದ್ದು, 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕಾಲದಲ್ಲಿ ಕೆಡವಲ್ಪಟ್ಟಿತು, ಮತ್ತೆ ಎದ್ದಿತು. ಮೈದಾನದ ಅಂಚಿನಲ್ಲಿ ಪುರಭವನ. ಅದಕ್ಕೆ ಕುದ್ಮುಲ್ ರಂಗರಾಯರ ಹೆಸರು. ದಲಿತ ಮಕ್ಕಳನ್ನು ಯಾವ ಶಾಲೆಯೂ ಸೇರಿಸಿಕೊಳ್ಳದ ಕಾಲದಲ್ಲಿ ಅವರಿಗೆಂದೇ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಜಾತಿಯವರಿಂದ ಬಹಿಷ್ಕಾರ ಉಂಡ ಸಾರಸ್ವತ ವಕೀಲರು. ಪ್ರವಾಸಿಗಳ ಪಟ್ಟಿಯಲ್ಲಿ ಈ ಭವನ ಇರುವುದಿಲ್ಲ. ಇರಬೇಕಿತ್ತು.

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಗದ್ದಲ ದಾಟಿದರೆ ರೊಜಾರಿಯೊ ಕೆಥೆಡ್ರಲ್. ಪೋರ್ಚುಗೀಸರು 1568ರಲ್ಲಿ ಬೀಜ ಹಾಕಿದ ಇಗರ್ಜಿ. ಈಗಿನ ಗುಮ್ಮಟದ ಕಟ್ಟಡ ಇಪ್ಪತ್ತನೇ ಶತಮಾನದ್ದು. ಅಲ್ಲಿಂದ ಬಂದರಿಗೆ ಇಳಿದರೆ ಊರಿನ ವಾಸನೆಯೇ ಬದಲು. ಅಡಿಕೆ, ಒಣಮೆಣಸು, ಗೋಣಿಚೀಲ, ಡೀಸೆಲ್, ದಕ್ಕೆಯ ಕಡೆಯಿಂದ ಬಂಗುಡೆ. ತಲೆಯ ಮೇಲೆ ಮೂಟೆ ಹೊತ್ತವರು ದಾರಿ ಕೇಳುವುದಿಲ್ಲ, ನೀವೇ ಸರಿಯಬೇಕು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಈಗಲೂ ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿಗಳು ಹೋಗುತ್ತವೆ.

ಈ ಓಣಿಗಳ ನಡುವೆ ಝೀನತ್ ಬಕ್ಷ್ ಜುಮಾ ಮಸೀದಿ. ಮಾಲಿಕ್ ದೀನಾರರ ಬಳಗ ಏಳನೇ ಶತಮಾನದಲ್ಲಿ ಸ್ಥಾಪಿಸಿದ್ದೆಂಬುದು ನಂಬಿಕೆ. ಟಿಪ್ಪುವಿನ ಕಾಲದಲ್ಲಿ ಹೊಸದಾಗಿ ಕಟ್ಟಿದರೆಂದೂ ಹೇಳುತ್ತಾರೆ. ನಮಾಜಿನ ಹೊತ್ತಲ್ಲದಾಗ ಹೋಗಿ, ಅಲ್ಲಿರುವವರನ್ನು ಕೇಳಿ, ಅವರು ಹೂಂ ಎಂದರೆ ಒಳಗೆ ನೋಡಿ. ಒಳಗಿನ ಹಳೆಯ ಭಾಗ ಪೂರಾ ಮರ. ಕಂಬ, ಬೋದಿಗೆ, ಮುಚ್ಚಿಗೆ ಎಲ್ಲದರಲ್ಲೂ ಹೂಬಳ್ಳಿಯ ಕೆತ್ತನೆ. ಇದೇ ಕರಾವಳಿಯ ಗುತ್ತಿನ ಮನೆಯ ಚಾವಡಿಯನ್ನೂ ಬಸದಿಯನ್ನೂ ನೋಡಿದವರಿಗೆ ಆಚಾರಿಗಳ ಕೈ ಗುರುತು ಸಿಗುತ್ತದೆ. ಮರ ಕಡೆದವರು ಈ ಮಣ್ಣಿನವರೇ.

ಅಲ್ಲಿಂದ ರಥಬೀದಿ ಹತ್ತಿರ. ವೆಂಕಟರಮಣ ದೇವಸ್ಥಾನದ ಎದುರು ಬೀದಿ ಅಗಲವಾಗುತ್ತದೆ. ರಥಸಪ್ತಮಿಗೆ ಕೊಡಿಯಾಲ ತೇರು ಎಳೆಯಲಿಕ್ಕೆ ಆ ಅಗಲ ಬೇಕು. ಹೂವಿನವರ ಹತ್ತಿರ ಒಂದು ಚೆಂಡು ಮಲ್ಲಿಗೆ ತೆಗೆದುಕೊಳ್ಳಿ. ಮದುವೆಯ ಸೀಸನ್ನಿನಲ್ಲಿ ಬೆಲೆ ಕೇಳಿ ಗಾಬರಿಯಾಗಬೇಡಿ.

ಸುಲ್ತಾನ್ ಬತ್ತೇರಿ, ಕುದ್ರೋಳಿ, ಮಂಗಳಾದೇವಿ ಇನ್ನೊಂದು ದಿನಕ್ಕೆ ಇರಲಿ. ಎಲ್ಲವನ್ನೂ ಒಂದೇ ದಿನ ಮುಗಿಸುವವರು ಕಾರಲ್ಲಿ ಹೋಗುವವರು. ಹೊರಡುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು; ಏಪ್ರಿಲ್‌ನಲ್ಲಿ ಬೇಡವೇ ಬೇಡ. ಸುಲಭಕ್ಕೆ ಕಳಚುವ ಚಪ್ಪಲಿ ಹಾಕಿ, ದಿನವಿಡೀ ಅದೇ ಕೆಲಸ. ಚಾಪೆಲ್ಲನ್ನು ಮಧ್ಯಾಹ್ನದ ಊಟಕ್ಕೆ ಮುಚ್ಚುವ ಮೊದಲೇ ತಲುಪಿ. ಒಳಗೆ ಫೋಟೊಗೆ ಅವಕಾಶ ಇಲ್ಲ. ಮಂಗಳೂರಿನವರೇ ಆಗಿದ್ದು ಇನ್ನೂ ಒಳಗೆ ಹೋಗಿಲ್ಲವಾದರೆ, ಅಂಥವರು ಬಹಳ ಮಂದಿ ಉಂಟು, ಈ ಸಲದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಅದು ಅವರಿಗೆಂದೇ ಬರೆದದ್ದು.