ಅಟ್ಟದ ವಾಸನೆ

ಇರಾನಿ ಚಾಯ್ ಸಿಗುವ ಹೈದರಾಬಾದಿನಲ್ಲಿ ಕೂತು ಚೀನಾದಿಂದ ಚಹಾ ತರಿಸುವ ಹುಚ್ಚು ಯಾಕೋ ಎಂದು ರೂಮ್‌ಮೇಟ್ ನಕ್ಕ. ಯುನ್ನಾನ್ ಪ್ರಾಂತ್ಯದ ಪು-ಅರ್ ಚಹಾ. ಬಿಲ್ಲೆಯಂತೆ ಒತ್ತಿದ್ದು, 357 ಗ್ರಾಂ. ಹಾಂಕಾಂಗಿನ ಸೆಕೆಯಲ್ಲಿ ಬೇಗ ಮಾಗುತ್ತದೆ, ಕುನ್ಮಿಂಗಿನ ಒಣಹವೆಯಲ್ಲಿ ನಿಧಾನ. ನನ್ನದು ಹಾಂಕಾಂಗಿನದಂತೆ. ಹೊದಿಕೆಯ ಮೇಲೆ 2006 ಎಂದಿತ್ತು, ನಾನು ಊರು ಬಿಟ್ಟ ವರ್ಷ. (ಕಾಗದದ ಮೇಲೆ ಯಾವ ಇಸವಿ ಬೇಕಾದರೂ ಅಚ್ಚು ಹಾಕಬಹುದು, ಗೊತ್ತು.) ಆಮದು ಚಹಾಕ್ಕೆ ನಮ್ಮಲ್ಲಿ ಮೂಲ ಸುಂಕವೇ ಶೇ. 100. ಆಧಾರ್ ಪ್ರತಿ ಕಳಿಸಿ, ದುಡ್ಡು ಕಟ್ಟಿ, ಮೂರು ವಾರ ಕಾದೆ.

ಅಷ್ಟರಲ್ಲಿ ಸಾಗರದಿಂದ ಅಮ್ಮ ಬಂದಿದ್ದಳು. ಹಾಲಿಲ್ಲದ ಕಪ್ಪು ನೀರು ನೋಡಿ ಮುಖ ಸಿಂಡರಿಸಿದವಳು ಲೋಟ ಮೂಗಿನ ಹತ್ತಿರ ಹಿಡಿದು ಸುಮ್ಮನಾದಳು.

"ನಮ್ಮ ಅಟ್ಟದ ವಾಸನೆ ಕಣೋ."

ಅಡಿಕೆ ಮೂಟೆ, ಹಳೆ ಹುಣಸೆಹಣ್ಣಿನ ಭರಣಿ, ಮಳೆಗಾಲದ ಮರ. ಆ ಮನೆ ಮಾರಿ ನಾಲ್ಕು ವರ್ಷ. ಮಾರೋಣ ಎಂದವನು ನಾನೇ. ಈ ಫ್ಲ್ಯಾಟಿನ ಮುಂಗಡಕ್ಕೆ.

ಎಷ್ಟಾಯಿತು ಎಂದಳು. ಅರ್ಧ ಬೆಲೆ ಹೇಳಿದೆ.

ಒಂದೇ ಎಲೆಗೆ ಏಳೆಂಟು ಸಲ ಬಿಸಿನೀರು ಹಾಕಬಹುದು. ಐದನೆಯ ಸಲವೂ ಅಮ್ಮ ಲೋಟ ಮುಂದೆ ಹಿಡಿದಳು.