ಬೆಂಕಿಯಿಲ್ಲದ ಒಲೆ

ಈ ಸಲ ಶಾಸ್ತ್ರವಿಚಾರವನ್ನು ಬದಿಗಿರಿಸಿ ನಮ್ಮ ಅಡುಗೆಮನೆಯ ಒಂದು ಸಂಗತಿಯನ್ನು ತಮ್ಮ ಮುಂದಿಡಲು ಬಯಸಿದ್ದೇವೆ. ಬರೆಯಲು ಸಂಕೋಚವಿದೆ. ಏಕೆಂದರೆ ಇದರಲ್ಲಿ ತಪ್ಪು ನಮ್ಮದೇ.

ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ತರ್ಕಸಂಗ್ರಹವನ್ನು ಓದಿದವರು ನಾವು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ಆ ಪ್ರಸಿದ್ಧ ಉದಾಹರಣೆಯನ್ನು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವರು. ಆದರೆ ಮಗ ಕೊಂಡು ತಂದದ್ದು ಬೆಂಕಿಯೇ ಇಲ್ಲದ ಇಂಡಕ್ಷನ್ ಒಲೆ. ಅದರಿಂದ ಹೊಗೆ ಎದ್ದ ದಿನ ನಮ್ಮ ತರ್ಕವೆಲ್ಲ ಕೈಕೊಟ್ಟಿತು.

2024ರ ಜುಲೈ ತಿಂಗಳು. ಸುಂಟಿಕೊಪ್ಪದ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ತೋಟದ ಮರ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು, ಬಂದಾಗ ದೀಪ ಒಮ್ಮೆ ಪ್ರಖರವಾಗಿ ಒಮ್ಮೆ ಮಂಕಾಗಿ ಉರಿಯುವುದು. ಅನಿಲದ ಸಿಲಿಂಡರ್ ಮುಗಿದು ಹೊಸದು ಬರುವುದು ತಡವಾಗಿತ್ತು. ಎಲ್ಲ ಅಡುಗೆಯೂ ಆ ವಿದ್ಯುತ್ ಒಲೆಯ ಮೇಲೆಯೇ. ಒಂದು ಬೆಳಿಗ್ಗೆ ಸೊಸೆ ಕಾಯಿಸಲಿಟ್ಟ ಹಾಲು ಉಕ್ಕಿ ಹರಿಯಿತು. ಎರಡು ದಿನ ಕಳೆದು ಒಲೆಯೊಳಗೆ ‘ಟಪ್’ ಎಂಬ ಸದ್ದಾಗಿ, ಎಳೆಯಷ್ಟು ಹೊಗೆ ಎದ್ದು, ಅದು ನಿಶ್ಚಲವಾಯಿತು. ಹಾಲು ಉಕ್ಕಿತು, ಒಲೆ ಕೆಟ್ಟಿತು; ಆದ್ದರಿಂದ ಹಾಲೇ ಕಾರಣವೆಂದು ಕ್ಷಣಾರ್ಧದಲ್ಲಿ ನಿರ್ಣಯಿಸಿಬಿಟ್ಟೆವು. ಕಠಿಣವಾದ ಮಾತನ್ನೂ ಆಡಿದೆವು.

ಬೇರೊಂದು ಊರಿನ ಅಂಗಡಿಯಲ್ಲಿ ಸುಟ್ಟ ಎರಡು ಭಾಗಗಳನ್ನು ಬದಲಿಸಿ ಕೊಟ್ಟರು. ಹನ್ನೆರಡನೆಯ ದಿನ ಮತ್ತೆ ಅದೇ ಸದ್ದು. ಅಂದು ಮನೆಗೆ ಬಂದಿದ್ದ ನೆಂಟರ ಎದುರಿಗೇ ಸೊಸೆಯನ್ನು ಗದರಿಸಿದೆವು. ಆಕೆ ಮರುಮಾತಾಡದೆ ಹಿತ್ತಿಲ ಸೌದೆ ಒಲೆಯನ್ನು ಹೊತ್ತಿಸಿದಳು. ಸೌದೆ ಸಿಲ್ವರ್ ಓಕ್ ಮರದ್ದು, ಮಳೆಯಲ್ಲಿ ನೆನೆದದ್ದು. ಆಕೆಗೆ ಮೊದಲೇ ಉಬ್ಬಸದ ತೊಂದರೆ. ರಾತ್ರಿ ಗೋಡೆಯಾಚೆಯಿಂದ ಕೇಳಿಬರುತ್ತಿದ್ದ ಆ ಕೆಮ್ಮು ನಮ್ಮ ನಿದ್ರೆಯನ್ನು ಕೆಡಿಸಿತೆಂದು ಹೇಳಿದರೆ ಅರ್ಧ ಸತ್ಯವಾದೀತು. ಕೆಡಿಸಿದರೂ ನಾವು ಏಳಲಿಲ್ಲ.

ಕೊನೆಗೆ ನಮ್ಮೂರಿನಲ್ಲಿಯೇ ಇಂಥ ಕೆಲಸ ಬಲ್ಲ ತರುಣನೊಬ್ಬನನ್ನು ಮಗ ಕರೆತಂದನು. ಅವನು ಒಲೆಯನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದನು. ನಾವು ಉತ್ತರಿಸಲು ಹೊರಟರೆ, “ಅಜ್ಜಾರೇ, ಅಡುಗೆ ಮಾಡುವವರು ಹೇಳಲಿ” ಎಂದನು! ಸೊಸೆ ಬಾಗಿಲ ಬಳಿ ನಿಂತು ಹೇಳಿದಳು: ಜೂನ್ ತಿಂಗಳಿನಿಂದಲೇ ಒಲೆ ನಡುವೆ ತಾನಾಗಿ ನಿಂತುಬಿಡುತ್ತಿತ್ತು, ಸ್ವಲ್ಪ ತಣಿದ ಮೇಲೆ ಮತ್ತೆ ಹತ್ತುತ್ತಿತ್ತು. ಈ ಮಾತನ್ನು ಆಕೆ ಅಂದೇ ನಮಗೆ ಹೇಳಿದ್ದಳು. ಆಪ್ತವಾಕ್ಯವೂ ಪ್ರಮಾಣವೆಂದು ಪಾಠ ಹೇಳುವ ನಾವು ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಪ್ಲಗ್ಗನ್ನು ಕಿತ್ತ ಮೇಲೂ ಅವನು ಕೆಲ ನಿಮಿಷ ಕಾದನು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದಂತೆ. ಮೀಟರಿನಿಂದ ಅಳೆದು, ಇಲ್ಲವೆಂದು ಖಚಿತವಾದ ಬಳಿಕವೇ ಕೈಯಿಟ್ಟನು. ಗಾಜಿನ ಫ್ಯೂಸಿನ ಒಳಮೈ ಕಪ್ಪಾಗಿತ್ತು. ಸುಮ್ಮನೆ ತಂತಿ ತುಂಡಾಗಿದ್ದರೆ ಅಲ್ಪಸ್ವಲ್ಪ ಹೆಚ್ಚಿನ ಹೊರೆ ಬಿದ್ದಿರಬಹುದು. ಹೀಗೆ ಕಪ್ಪಾದರೆ ಒಳಗೆ ಎಲ್ಲಿಯೋ ನೇರ ಶಾರ್ಟ್ ಆಗಿದೆಯೆಂದು ಅರ್ಥ. “ಒಂದು ತಂತಿ ಸುತ್ತಿಬಿಡಪ್ಪಾ” ಎಂದೆವು, ಹಳೆಯ ಪಿಂಗಾಣಿ ಫ್ಯೂಸಿನ ಕಾಲದವರಲ್ಲವೇ! ಅವನು ನಕ್ಕು, ಹಾಗೆ ಮಾಡಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ಮನೆ ಎಂದನು.

ಅವನು ತೋರಿಸಿದ ಯಂತ್ರರಹಸ್ಯವನ್ನು ನಮಗೆ ತಿಳಿದಷ್ಟು ಹೇಳುತ್ತೇವೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವಂಥದು. ಒಲೆಯ ಬೋರ್ಡು ಅದನ್ನು ಮೊದಲು ಏಕಮುಖ ವಿದ್ಯುತ್ತಾಗಿಸಿ, ಅನಂತರ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಬಾರಿ ಆಡಿಸುತ್ತದೆ. ಆಗ ಬಿಸಿಯಾಗುವುದು ಪಾತ್ರೆಯ ತಳವೇ ಹೊರತು ಒಲೆಯಲ್ಲ. ಇಷ್ಟು ವೇಗದಲ್ಲಿ ತೆರೆದು ಮುಚ್ಚುವ ಬಾಗಿಲು ಐಜಿಬಿಟಿ ಎಂಬ ಬೆರಳಗಲದ ಕಪ್ಪು ತುಂಡು. ಇದನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಂಟ್ವಾಳ ಜಯಂತ ಬಾಳಿಗರು. 2024ರಲ್ಲಿ ಅವರಿಗೆ ಫಿನ್‌ಲ್ಯಾಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಸಂದಿತು. ನಮ್ಮ ಮನೆಯ ಮುಂದಿನ ಹೆದ್ದಾರಿ ಮಡಿಕೇರಿ ದಾಟಿ, ಘಟ್ಟವಿಳಿದು ತಲುಪುವುದು ಅದೇ ಬಂಟ್ವಾಳವನ್ನು. ನಮಗೆ ಸಂತೋಷವಾಯಿತೆಂದು ಬೇರೆ ಹೇಳಬೇಕೇ?

ಸುಟ್ಟದ್ದು ಆ ಐಜಿಬಿಟಿಯೇ. ಮೀಟರಿನ ಮೊನೆಗಳನ್ನು ಅದರ ಎರಡು ಕಾಲುಗಳಿಗೆ ಮುಟ್ಟಿಸಿದೊಡನೆ ‘ಬೀಪ್’ ಎಂದಿತು. ಬಾಗಿಲು ಮುಚ್ಚಲಾರದೆ ತೆರೆದೇ ಉಳಿದಿತ್ತು. ಹೊಸದನ್ನು ಹಾಕಿದರೆ ಮುಗಿಯಿತಲ್ಲ ಎಂದೆವು. “ಹೋದ ಸಲ ಹಾಗೆಯೇ ಮಾಡಿದರು. ಸತ್ತದ್ದು ಇದು. ಸಾಯಿಸಿದ್ದು ಯಾವುದೆಂದು ನೋಡಬೇಕು” ಎಂದನು. ಸುರುಳಿಯ ಜೊತೆಗಾರನಾದ ಕೆಪಾಸಿಟರನ್ನು ಬೋರ್ಡಿನಿಂದ ಬಿಡಿಸಿ ಅಳೆದನು. ಅದರ ಮೈಮೇಲೆ 0.3 ಮೈಕ್ರೋಫ್ಯಾರಡ್ ಎಂದು ಮುದ್ರಿತವಾಗಿತ್ತು; ಮೀಟರು ತೋರಿಸಿದ್ದು 0.17. ಇದರ ಶಕ್ತಿ ಕುಂದಿದಷ್ಟೂ ಆ ಬಾಗಿಲಿನ ಮೇಲೆ ಬಂದೆರಗುವ ವೋಲ್ಟೇಜು ಏರುತ್ತದೆ. ಏರಿ ಏರಿ ಒಂದು ದಿನ ಅದನ್ನು ಸೀಳುತ್ತದೆ, ಸೀಳಿದೊಡನೆ ಫ್ಯೂಸು ಹಾರುತ್ತದೆ.

ಹಾಗಾದರೆ ಹಾಲು? ಮೇಲಿನ ಗಾಜಿನ ಅಂಚಿನ ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಹಾಲಿನ ಒಂದು ಕಲೆಯೂ ಇರಲಿಲ್ಲ. ಅದನ್ನು ಟಾರ್ಚ್ ಹಿಡಿದು ನಮಗೆ ತೋರಿಸಿದನು.

ಕೆಪಾಸಿಟರನ್ನು ಕುಂದಿಸಿದ್ದೇನು ಎಂಬುದೊಂದು ಉಳಿಯಿತು. ಒಲೆಯನ್ನು ಬೋರಲು ಹಾಕಿದನು. ತಳದ ಗಾಳಿಕಂಡಿಗಳಲ್ಲಿಯೂ ಫ್ಯಾನಿನ ಎಸಳುಗಳಲ್ಲಿಯೂ ಕಪ್ಪು ಉಣ್ಣೆಯ ನಾರು ಹೆಣೆದುಕೊಂಡಿತ್ತು. “ಇದು ಯಾವುದರ ಮೇಲಿತ್ತು?”

ಯಾರೂ ಮಾತನಾಡಲಿಲ್ಲ. ಸಿಮೆಂಟಿನ ಕಟ್ಟೆ ಥಂಡಿಯೆಂದು, ಒಲೆ ಜಾರಬಾರದೆಂದು, ಮೇ ತಿಂಗಳ ಕೊನೆಯಲ್ಲಿ ಹಳೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರಡಿ ಹಾಸಿದವರು ನಾವು. ಕೆಳಗಿನಿಂದ ಗಾಳಿ ಸೇದಿ ಒಳಗನ್ನು ತಂಪಾಗಿಡುವ ಯಂತ್ರದ ಮೂಗನ್ನೇ ಮುಚ್ಚಿದ್ದೆವು. ಅದು ತಾನಾಗಿ ನಿಲ್ಲುತ್ತಿದ್ದುದು ಕಾವು ಮಿತಿಮೀರಿದಾಗ. ಕೆಪಾಸಿಟರು ಬೆಂದದ್ದೂ ಅದೇ ಕಾವಿನಲ್ಲಿ.

ಎರಡು ಭಾಗಗಳು, ಒಂದು ಫ್ಯೂಸು ಬದಲಾದವು. ಕೂಡಲೇ ಪ್ಲಗ್ಗಿಗೆ ಸೇರಿಸಲಿಲ್ಲ. ಹಳೆಯ ನೂರು ವ್ಯಾಟಿನ ತಂತಿ ಬಲ್ಬೊಂದನ್ನು ನಡುವೆ ಸರಣಿಯಾಗಿ ಜೋಡಿಸಿ ಕರೆಂಟು ಕೊಟ್ಟನು. ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ಣವಾಗಿ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಅದು ಒಮ್ಮೆ ಮಿನುಗಿ ನಂದಿತು. ಫ್ಯಾನಿನ 18 ವೋಲ್ಟ್, ನಿಯಂತ್ರಕ ಚಿಪ್ಪಿನ 5 ವೋಲ್ಟ್ ಸರಿಯಿವೆಯೆಂದು ಅಳೆದ ಮೇಲೆಯೇ ಬಲ್ಬನ್ನು ತೆಗೆದು ನೀರಿಟ್ಟನು. ನಾಲ್ಕು ನಿಮಿಷದಲ್ಲಿ ಕುದಿ ಬಂತು.

ತರುಣನು ಹೊರಟ ಮೇಲೆ ಕಂಬಳಿಯನ್ನು ಅಟ್ಟಕ್ಕೆ ಹಾಕಿ ಅಡುಗೆಮನೆಗೆ ಹೋದೆವು. ಅಲ್ಲಿಗೆ ನಾವು ಹೋಗುವುದು ಅಪರೂಪ. “ತಾಯಿ, ತಪ್ಪು ನಮ್ಮದು. ನೆಂಟರ ಎದುರು ಆಡಿದ ಮಾತನ್ನು ಅವರ ಎದುರೇ ಹಿಂದಕ್ಕೆ ಪಡೆಯುತ್ತೇವೆ” ಎಂದೆವು. ಆಕೆ ತಿರುಗಿ ನೋಡದೆಯೇ ಸೌಟನ್ನು ಕೈಗೆತ್ತಿಕೊಂಡಳು.

“ಸ್ವಲ್ಪ ಸರಿಯಿರಿ ಮಾವಯ್ಯ, ಹಾಲು ಉಕ್ಕುತ್ತಿದೆ.”