ಬಿಸಿಲು ಕಾಯಿಸಿದ ನೀರು

ನಮ್ಮ ತಾರಸಿಯ ಸೋಲಾರಿನ ಬಿಸಿನೀರಿಗೆ ಕೈಯೊಡ್ಡಿದಾಗಲೆಲ್ಲ ನನಗೆ ಜಿಮ್ಮಿ ಕಾರ್ಟರರ ನೆನಪು. ಮೋಡ ಕವಿದ ದಿನ ಮನೆಯಾಕೆ, “ನಿಮ್ಮ ಕಾರ್ಟರರು ಇಂದು ಕೈಕೊಟ್ಟರು!” ಎನ್ನುತ್ತ ಒಲೆ ಹಚ್ಚುತ್ತಾಳೆ.

ಅಮೆರಿಕದ ಅಧ್ಯಕ್ಷರಾಗಿದ್ದ ಅವರು 1979ರಲ್ಲಿ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ 32 ಸೌರಫಲಕಗಳನ್ನು ಇರಿಸಿದರು. ಮರುವರ್ಷ ಚುನಾವಣೆಯಲ್ಲಿ ಸೋತರು. 1986ರಲ್ಲಿ, ರೇಗನ್ನರ ಆಡಳಿತದಲ್ಲಿ, ಮಾಡಿನ ದುರಸ್ತಿಗೆಂದು ಇಳಿಸಿದ ಫಲಕಗಳು ಮತ್ತೆ ಮೇಲೇರಲಿಲ್ಲ.

ಅವರೇನೂ ನಿಷ್ಕಳಂಕರಲ್ಲ. ತೈಲದ ಅಭಾವ ನೀಗಲು ಕಲ್ಲಿದ್ದಲನ್ನು ಹೆಚ್ಚು ಉರಿಸಬೇಕೆಂದವರೂ ಅವರೇ. ಅಂಥ ಹೊಗೆಯ ತಾಪವನ್ನು ಭೂಮಿ ಇಂದಿಗೂ ಅನುಭವಿಸುತ್ತಿದೆ. ಆದರೂ 2017ರಲ್ಲಿ, ತೊಂಬತ್ತೆರಡರ ಇಳಿವಯಸ್ಸಿನಲ್ಲಿ, ಹುಟ್ಟೂರು ಪ್ಲೇನ್ಸ್‌ನ ತಮ್ಮ ಹೊಲವನ್ನೇ ಸೌರವಿದ್ಯುತ್ತಿಗೆ ಬಿಟ್ಟುಕೊಟ್ಟರು. ಊರಿನ ಬೇಡಿಕೆಯ ಅರ್ಧಕ್ಕೂ ಮಿಗಿಲಾದ ಪಾಲು ಅಲ್ಲಿಂದಲೇ ನೀಗುವಂತಾಯಿತು.

ಅಂಕ ಹಾಕುವುದು ನನ್ನ ವೃತ್ತಿ. ಆದರೆ ಒಂದೇ ಮೋಡಕ್ಕೆ ಒಲೆಯತ್ತ ತಿರುಗುವ ನಾನು, ಅಧಿಕಾರ ಹೋದ ಮೇಲೂ ಆಡಿದ ಮಾತನ್ನು ನಡೆಸಿದವರಿಗೆ ಅಂಕ ಹಾಕಲು ಹಿಂಜರಿಯುತ್ತೇನೆ.